‘ಶುಗರ್ ಫ್ರೀ’ ಡಬ್ಬಿಯಲ್ಲಿ ಏನಿಲ್ಲ, ಏನಿದೆ?

ಕನ್ನಡದಲ್ಲಿ ಈಗ ‘ಶುಗರ್’ ಎಂಬ ಪದಕ್ಕೆ ಕಡಿಮೆಯೆಂದರೂ ನಾಲ್ಕು ಅರ್ಥಗಳಿವೆ. ‘ನನ್ನ ಕಾಫಿಗೆ ಶುಗರ್ ಬೇಡ’ ಅಂದರೆ ಅಡುಗೆಮನೆಯ ಬಿಳಿ ಸಕ್ಕರೆ. ‘ಅಪ್ಪನಿಗೆ ಶುಗರ್ ಇದೆ’ ಅಂದರೆ ಕಾಯಿಲೆ. ‘ಬೆಳಿಗ್ಗೆ ಶುಗರ್ ಎಷ್ಟಿತ್ತು?’ ಅಂದರೆ ರಕ್ತದಲ್ಲಿರುವ ಗ್ಲೂಕೋಸಿನ ಅಳತೆ. ಈ ಮೂರನ್ನು ಮಾತಿನಲ್ಲಿ ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಸಂದರ್ಭವೇ ಅರ್ಥ ಹೇಳಿಬಿಡುತ್ತದೆ. ತೊಂದರೆ ಇರುವುದು ನಾಲ್ಕನೆಯದರಲ್ಲಿ, ಅಂಗಡಿಯ ಕಪಾಟಿನಲ್ಲಿ ಕೂತಿರುವ ‘ಶುಗರ್ ಫ್ರೀ’ಯಲ್ಲಿ. ಡಬ್ಬಿ ಮಾಡಿದವರು ಅದನ್ನು ಕಾನೂನಿನ ಒಂದು ಲೆಕ್ಕದ ಅರ್ಥದಲ್ಲಿ ಬರೆಯುತ್ತಾರೆ. ಮನೆಯಲ್ಲಿ ಅದನ್ನು ಓದಿಸಿಕೊಂಡವರು ಕಾಯಿಲೆಯ ಅರ್ಥದಲ್ಲಿ ತೆಗೆದುಕೊಳ್ಳುತ್ತಾರೆ: ‘ಶುಗರ್ ಇರುವವರು ಧಾರಾಳವಾಗಿ ತಿನ್ನಬಹುದು.’

ಡಬ್ಬಿಯ ಮೇಲೆ ಹಾಗೆ ಬರೆದಿಲ್ಲ. ಆದರೆ ಹಾಗೆ ಕೇಳಿಸುತ್ತದೆ ಎಂಬುದು ಬರೆದವರಿಗೆ ಗೊತ್ತಿಲ್ಲ ಎಂದು ನಂಬುವುದು ಕಷ್ಟ.

ನಾನು ಅನುವಾದ ಮಾಡಿ ಬದುಕುವವಳು. ಔಷಧಿ ಡಬ್ಬಿಯೊಳಗಿನ ಚೀಟಿ, ಆಸ್ಪತ್ರೆಯ ಒಪ್ಪಿಗೆ ಪತ್ರ, ತಿಂಡಿ ಪೊಟ್ಟಣದ ಹಿಂಬದಿಯ ಒಕ್ಕಣೆ, ಇಂಥವೇ ನನ್ನ ಹೆಚ್ಚಿನ ಕೆಲಸ. ಭಾಷಾಶಾಸ್ತ್ರ ಓದಿದ್ದರಿಂದ ಒಂದು ಚಟ ಅಂಟಿಕೊಂಡಿದೆ: ಒಂದು ಪದ ಏನನ್ನು ಹೇಳುತ್ತದೆ ಎನ್ನುವುದರ ಜೊತೆಗೆ ಏನನ್ನು ಹೇಳದೆ ಉಳಿಸುತ್ತದೆ ಎಂದೂ ನೋಡುವುದು. ‘ಶುಗರ್ ಫ್ರೀ’ ಎಂಬುದು ಇಲ್ಲದ್ದರ ಹೆಸರು. ಒಂದು ತಿಂಡಿಯಲ್ಲಿ ಏನಿಲ್ಲ ಎಂದು ಅದು ಹೇಳುತ್ತದೆ, ಏನಿದೆ ಎಂದು ಹೇಳುವುದಿಲ್ಲ. ಹಾಗೆ ಮರೆಯಲ್ಲಿ ಉಳಿದ ವಸ್ತುಗಳಲ್ಲಿ ಮುಖ್ಯವಾದದ್ದು ಸೋರ್ಬಿಟಾಲ್. ಅದು ಎಲ್ಲಿಂದ ಬಂತು, ದೇಹದಲ್ಲಿ ಏನು ಮಾಡುತ್ತದೆ, ಅದರ ಬಗ್ಗೆ ನಮಗೆ ನಮ್ಮ ಭಾಷೆಯಲ್ಲಿ ಯಾಕೆ ಯಾರೂ ಹೇಳುವುದಿಲ್ಲ ಎಂಬುದು ಈ ಬರಹದ ವಿಷಯ.

ಜೋಳದಿಂದ ಡಬ್ಬಿಗೆ

ಯುರೋಪಿನ ಬೆಟ್ಟಗಳಲ್ಲಿ ಸೋರ್ಬಸ್ ಎಂಬ ಜಾತಿಯ ಮರಗಳಿವೆ. ಗೊಂಚಲು ಗೊಂಚಲಾಗಿ ಕೆಂಪು ಹಣ್ಣು ಬಿಡುತ್ತವೆ. 1872ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬೂಸ್ಸಿಂಗೋ ಆ ಹಣ್ಣಿನ ರಸದಿಂದ ಸಿಹಿಯಾದ ಒಂದು ವಸ್ತುವನ್ನು ಬೇರ್ಪಡಿಸಿದ. ಮರದ ಹೆಸರೇ ವಸ್ತುವಿಗೂ ಬಂತು. ಮುಂದೆ ಅದೇ ವಸ್ತು ಸೇಬು, ಪೇರು, ಪ್ಲಮ್ ಹಣ್ಣುಗಳಲ್ಲೂ ಇದೆ ಎಂದು ತಿಳಿಯಿತು. ಒಣಗಿಸಿದ ಪ್ಲಮ್ ತಿಂದರೆ ಮಲಬದ್ಧತೆ ಹೋಗುತ್ತದೆ ಎಂಬ ಹಳೆಯ ತಿಳಿವಳಿಕೆಯ ಹಿಂದೆ ಇರುವವುಗಳಲ್ಲಿ ಸೋರ್ಬಿಟಾಲೂ ಒಂದು.

ಈಗ ಯಾರೂ ಅದನ್ನು ಹಣ್ಣಿನಿಂದ ತೆಗೆಯುವುದಿಲ್ಲ. ನಮ್ಮ ದೇಶದಲ್ಲಿ ಅದರ ಮೂಲ ಹೆಚ್ಚಾಗಿ ಮೆಕ್ಕೆಜೋಳ. ಹಾವೇರಿ ಕಡೆಯವರು ಗೋವಿನಜೋಳ ಅನ್ನುವ, ಮೈಸೂರು ಕಡೆಯವರು ಮುಸುಕಿನ ಜೋಳ ಅನ್ನುವ ಅದೇ ಬೆಳೆ. ಜೋಳದಿಂದ ಪಿಷ್ಟ ತೆಗೆಯುತ್ತಾರೆ. ಪಿಷ್ಟ ಅಂದರೆ ಗ್ಲೂಕೋಸಿನ ಉದ್ದನೆಯ ಸರ. ಆ ಸರವನ್ನು ಕಡಿದರೆ ಗ್ಲೂಕೋಸ್ ಸಿಗುತ್ತದೆ. ಗ್ಲೂಕೋಸಿನ ದ್ರಾವಣಕ್ಕೆ ನಿಕ್ಕಲ್‌ನಂಥ ಲೋಹದ ಸಹಾಯದಿಂದ, ಭಾರೀ ಒತ್ತಡದಲ್ಲಿ ಹೈಡ್ರೋಜನ್ ಅನಿಲವನ್ನು ಹಾಯಿಸುತ್ತಾರೆ. ಗ್ಲೂಕೋಸಿನ ಒಂದೊಂದು ಕಣಕ್ಕೂ ಎರಡೆರಡು ಹೈಡ್ರೋಜನ್ ಪರಮಾಣು ಸೇರುತ್ತವೆ. ಅಷ್ಟಾದರೆ ಗ್ಲೂಕೋಸ್ ಸೋರ್ಬಿಟಾಲ್ ಆಯಿತು.

ಹೀಗೆ ಸಕ್ಕರೆಗಳಿಗೆ ಹೈಡ್ರೋಜನ್ ಸೇರಿಸಿ ಮಾಡಿದ ವಸ್ತುಗಳಿಗೆಲ್ಲ ಪಾಲಿಯಾಲ್ ಎಂಬ ಸಾಮಾನ್ಯ ಹೆಸರಿದೆ. ಮಾಲ್ಟಿಟಾಲ್, ಮ್ಯಾನಿಟಾಲ್, ಜೈಲಿಟಾಲ್ ಇದೇ ಮನೆತನದವು. ಇಲ್ಲಿ ಪ್ರತ್ಯಯ ಗಮನಿಸಿ. ಗ್ಲೂಕೋಸ್, ಫ್ರಕ್ಟೋಸ್, ಸುಕ್ರೋಸ್ ಎಂಬಲ್ಲಿನ ‘ಓಸ್’ ಸಕ್ಕರೆಯ ಗುರುತು. ಸೋರ್ಬಿಟಾಲ್, ಮಾಲ್ಟಿಟಾಲ್ ಎಂಬಲ್ಲಿನ ‘ಆಲ್’ ರಸಾಯನಶಾಸ್ತ್ರದ ಅರ್ಥದಲ್ಲಿ ಆಲ್ಕೋಹಾಲಿನ ಗುರುತು. ಇಂಗ್ಲಿಷಿನಲ್ಲಿ ಇವುಗಳನ್ನು ‘ಶುಗರ್ ಆಲ್ಕೋಹಾಲ್’ ಎಂದು ಕರೆಯುವುದು ಅದಕ್ಕೇ. ಪದಕ್ಕೆ ಪದ ಇಟ್ಟು ಕನ್ನಡಕ್ಕೆ ತಂದರೆ ‘ಸಕ್ಕರೆ ಮದ್ಯ’ ಆಗುತ್ತದೆ. ಅದನ್ನು ಓದಿದ ಮಡಿವಂತ ಅಜ್ಜಿ ಡಬ್ಬಿ ಮುಟ್ಟಲಾರಳು. ಇವುಗಳಲ್ಲಿ ಅಮಲೇರಿಸುವುದು ಏನೂ ಇಲ್ಲ. ಪಾಲಿಯಾಲ್ ಎಂದೇ ಬರೆದು ಒಮ್ಮೆ ವಿವರಿಸುವುದು ಮೇಲು.

ಬಾತ್‌ರೂಮಿನಿಂದ ಎದೆಯ ಜೇಬಿನವರೆಗೆ

ಸೋರ್ಬಿಟಾಲನ್ನು ವಿಷ ಎಂದು ಹೇಳಲು ನಾನು ಹೊರಟಿಲ್ಲ. ಇಷ್ಟು ಕೆಲಸಕ್ಕೆ ಬರುವ ವಸ್ತುಗಳು ಕಡಿಮೆ. ನಾವು ಬೆಳಿಗ್ಗೆ ಎದ್ದು ಮೊದಲು ಬಾಯಿಗೆ ಹಾಕುವ ಟೂತ್‌ಪೇಸ್ಟಿನಲ್ಲಿ ಬಹುತೇಕ ಅದು ಇರುತ್ತದೆ. ನೀರಿನಂಶವನ್ನು ಹಿಡಿದಿಡುವುದು ಅದರ ಗುಣ. ಮುಚ್ಚಳ ಹಾಕಲು ಮರೆತರೂ ಪೇಸ್ಟು ಒಣಗಿ ಕಲ್ಲಾಗದಿರುವುದು ಅದರಿಂದ. ಹಲ್ಲು ಹುಳುಕಾಗಿಸುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲ ಮಾಡುವಷ್ಟು ಬೇಗ ಸೋರ್ಬಿಟಾಲನ್ನು ಮಾಡಲಾರವು, ಹಾಗಾಗಿ ಹಲ್ಲಿಗೂ ಅದು ಸಕ್ಕರೆಗಿಂತ ವಾಸಿ. ಸಕ್ಕರೆ ಹಾಕದ ಕೆಮ್ಮಿನ ಸಿರಪ್ಪಿಗೆ ಮಂದತನ ಮತ್ತು ಸಿಹಿ ಬರುವುದು ಹೆಚ್ಚಾಗಿ ಇದರಿಂದಲೇ.

ವಿಟಮಿನ್ ಸಿ ಮಾತ್ರೆಯ ಹಿಂದೆಯೂ ಇದೇ ಇದೆ. 1930ರ ದಶಕದ ಮೊದಲಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಟಾಡಿಯಸ್ ರೈಖ್‌ಸ್ಟೈನ್ ವಿಟಮಿನ್ ಸಿಯನ್ನು ಕಾರ್ಖಾನೆಯಲ್ಲಿ ತಯಾರಿಸುವ ದಾರಿ ಕಂಡುಹಿಡಿದ. ಗ್ಲೂಕೋಸನ್ನು ಮೊದಲು ಸೋರ್ಬಿಟಾಲ್ ಮಾಡಿ, ಅದನ್ನು ಬ್ಯಾಕ್ಟೀರಿಯಾಕ್ಕೆ ತಿನ್ನಿಸಿ, ಅಲ್ಲಿಂದ ಮುಂದಕ್ಕೆ ಹೋಗುವ ದಾರಿ ಅದು. ಇಂದಿಗೂ ಆ ಉದ್ಯಮ ಹೊರಡುವುದು ಸೋರ್ಬಿಟಾಲಿನಿಂದಲೇ.

ಇನ್ನೊಂದು ಬಳಕೆ ಹೆಚ್ಚು ಜನರಿಗೆ ಗೊತ್ತಿಲ್ಲ. ಎದೆನೋವು ಬಂದರೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳಲೆಂದು ಹೃದಯದ ತೊಂದರೆಯಿರುವ ಹಿರಿಯರು ಅಂಗಿಯ ಜೇಬಿನಲ್ಲಿ ಒಂದು ಸಣ್ಣ ಮಾತ್ರೆ ಇಟ್ಟುಕೊಂಡಿರುತ್ತಾರಲ್ಲ, ಸಾರ್ಬಿಟ್ರೇಟ್, ಅದರ ಹೆಸರೇ ಅದರ ಕುಲ ಹೇಳುತ್ತದೆ. ಸೋರ್ಬಿಟಾಲಿನಿಂದ ನೀರು ಕಳೆದರೆ ಐಸೋಸೋರ್ಬೈಡ್, ಅದಕ್ಕೆ ನೈಟ್ರೇಟ್ ಗುಂಪುಗಳನ್ನು ಸೇರಿಸಿದರೆ ಆ ಮಾತ್ರೆ. ಮೆಕ್ಕೆಜೋಳದ ಹೊಲದಿಂದ ಹೃದ್ರೋಗಿಯ ಜೇಬಿನವರೆಗೆ ಒಂದೇ ಎಳೆ ಹಾದುಹೋಗಿದೆ.

ಇಂಥ ವಸ್ತುವಿನ ಬಗ್ಗೆ ನಮ್ಮ ತಕರಾರು ಏನು? ವಸ್ತುವಿನ ಬಗ್ಗೆ ಇಲ್ಲ. ಪ್ರಮಾಣದ ಬಗ್ಗೆ ಇದೆ, ಮತ್ತು ಅದರ ಮೇಲೆ ಹೊದಿಸಿದ ಹೆಸರಿನ ಬಗ್ಗೆ ಇದೆ.

ಹೊಟ್ಟೆಯ ಲೆಕ್ಕ

ಸಕ್ಕರೆಯ ಸಿಹಿ ನೂರು ಅಂದರೆ ಸೋರ್ಬಿಟಾಲಿನದು ಸುಮಾರು ಅರವತ್ತು. ಸಕ್ಕರೆಯಲ್ಲಿ ಗ್ರಾಮಿಗೆ 4 ಕ್ಯಾಲೊರಿ, ಸೋರ್ಬಿಟಾಲಿನಲ್ಲಿ ಸುಮಾರು 2.6. ಅಂದರೆ ಕ್ಯಾಲೊರಿ ಕಡಿಮೆ, ಸೊನ್ನೆಯಲ್ಲ. ಸುಕ್ರಲೋಸಿನಂಥ ಕೃತಕ ಸಿಹಿ ಚಿಟಿಕೆಯಷ್ಟು ಸಾಕು. ಆದರೆ ಬರ್ಫಿಗೆ, ಚಾಕೊಲೇಟಿಗೆ, ಬಿಸ್ಕತ್ತಿಗೆ ಸಿಹಿ ಮಾತ್ರ ಬೇಕಾಗಿರುವುದಲ್ಲ, ಸಕ್ಕರೆ ಕೊಡುವ ಗಾತ್ರ, ಮೆದುತನ ಕೂಡ ಬೇಕು. ಆ ಜಾಗ ತುಂಬಲು ಪಾಲಿಯಾಲ್ ಹಾಕುತ್ತಾರೆ. ಹಾಗಾಗಿ ಅದು ಚಿಟಿಕೆಯ ಲೆಕ್ಕದಲ್ಲಿ ಇರುವುದಿಲ್ಲ, ಚಮಚದ ಲೆಕ್ಕದಲ್ಲಿ ಇರುತ್ತದೆ.

ತಿಂದ ಸೋರ್ಬಿಟಾಲ್ ಸಣ್ಣ ಕರುಳಿನಲ್ಲಿ ನಿಧಾನವಾಗಿ, ಅರ್ಧಂಬರ್ಧ ಹೀರಿಕೆಯಾಗುತ್ತದೆ. ಹೀರಿಕೆಯಾದ ಭಾಗ ಯಕೃತ್ತಿಗೆ ಹೋಗಿ ಫ್ರಕ್ಟೋಸ್ ಆಗಿ ಖರ್ಚಾಗುತ್ತದೆ. ರಕ್ತದ ಗ್ಲೂಕೋಸ್ ಅದರಿಂದ ಹೆಚ್ಚು ಏರುವುದಿಲ್ಲ. ಮಧುಮೇಹಿಗಳ ತಿಂಡಿಗೆ ಅದನ್ನು ಆರಿಸಿಕೊಂಡದ್ದು ಈ ಕಾರಣಕ್ಕೆ, ಮತ್ತು ಆ ಕಾರಣ ಸುಳ್ಳಲ್ಲ. ಉಳಿದ ಭಾಗ ದೊಡ್ಡ ಕರುಳಿಗೆ ಇಳಿಯುತ್ತದೆ. ಅದು ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುತ್ತವೆ. ಗ್ಯಾಸು, ಹೊಟ್ಟೆಯುಬ್ಬರ, ಗುಡುಗುಡು, ಕೊನೆಗೆ ಭೇದಿ. ಎಲ್ಲರ ಹೊಟ್ಟೆಯೂ ಒಂದೇ ಅಲ್ಲ. ಆದರೆ 10 ಗ್ರಾಮಿನ ಆಸುಪಾಸಿನಲ್ಲೇ ಹಲವರಿಗೆ ಗ್ಯಾಸು ಶುರುವಾಗುತ್ತದೆ, 20 ದಾಟಿದರೆ ಅನೇಕರಿಗೆ ಹೊಟ್ಟೆನೋವು, ಭೇದಿ. ಒಂದು ಲೆಕ್ಕಕ್ಕೆ, 20 ಗ್ರಾಮಿನ ಒಂದು ತುಂಡು ಸಿಹಿಯಲ್ಲಿ ನೂರಕ್ಕೆ ನಲವತ್ತು ಪಾಲು ಸೋರ್ಬಿಟಾಲ್ ಇದೆ ಎಂದಿಟ್ಟುಕೊಳ್ಳಿ. ಮೂರು ತುಂಡಿಗೆ 24 ಗ್ರಾಂ ಆಯಿತು. ‘ಶುಗರ್ ಫ್ರೀ ಅಲ್ವಾ, ಇನ್ನೊಂದು ತಗೊಳ್ಳಿ’ ಎಂದು ಉಪಚಾರ ಮಾಡುವ ಮನೆಯಲ್ಲಿ ಮೂರು ತುಂಡು ಹೆಚ್ಚೇನಲ್ಲ.

2008ರಲ್ಲಿ ಬರ್ಲಿನ್ನಿನ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಬ್ಬರು ರೋಗಿಗಳ ಬಗ್ಗೆ ಬರೆದರು. ಇಬ್ಬರಿಗೂ ತಿಂಗಳುಗಟ್ಟಲೆ ಭೇದಿ. 21 ವರ್ಷದ ಹೆಣ್ಣುಮಗಳು 11 ಕಿಲೋ ಇಳಿದಿದ್ದಳು. ಪರೀಕ್ಷೆಗಳ ಮೇಲೆ ಪರೀಕ್ಷೆ ನಡೆದರೂ ಕಾರಣ ಸಿಕ್ಕಿರಲಿಲ್ಲ. ಕೊನೆಗೆ ಏನು ತಿನ್ನುತ್ತೀರಿ ಎಂದು ವಿವರವಾಗಿ ಕೇಳಿದಾಗ ಹೊರಬಿದ್ದದ್ದು ಶುಗರ್ ಫ್ರೀ ಚ್ಯೂಯಿಂಗ್ ಗಮ್. ಆಕೆ ದಿನಕ್ಕೆ ಸುಮಾರು 20 ಗ್ರಾಂ ಸೋರ್ಬಿಟಾಲನ್ನು ಗಮ್ಮಿನ ಮೂಲಕವೇ ನುಂಗುತ್ತಿದ್ದಳು. ಅದನ್ನು ಬಿಟ್ಟ ಮೇಲೆ ಇಬ್ಬರೂ ಸುಧಾರಿಸಿಕೊಂಡರು.

ಬರ್ಲಿನ್ ದೂರದ ಮಾತಾಯಿತು. ನಮ್ಮ ದೊಡ್ಡಮ್ಮ ದಾವಣಗೆರೆಯಿಂದ ಮಗನ ಮನೆಗೆಂದು ಪುಣೆಗೆ ಬಂದವರು ದೀಪಾವಳಿಯ ವಾರವೆಲ್ಲ ಹೊಟ್ಟೆ ಕೆಟ್ಟು ಮಲಗಿದರು. ಊರಿನ ನೀರು ಒಗ್ಗಲಿಲ್ಲ ಎಂದು ಮೊದಲು ಎಲ್ಲರೂ ಅಂದುಕೊಂಡರು. ನೀರು ಕಾಯಿಸಿದ್ದಾಯಿತು, ಹೊರಗಿನ ಊಟ ನಿಲ್ಲಿಸಿದ್ದಾಯಿತು. ಊಟ ಸೇರದ್ದರಿಂದ ‘ಅದಾದರೂ ತಿನ್ನಲಿ’ ಎಂದು ಅವರ ಪಕ್ಕಕ್ಕೇ ಇಟ್ಟಿದ್ದು ಯಾರೋ ಪ್ರೀತಿಯಿಂದ ಕೊಟ್ಟ ಶುಗರ್ ಫ್ರೀ ಸಿಹಿಯ ಡಬ್ಬಿ. ಡಾಕ್ಟರು ಆ ಡಬ್ಬಿ ತಿರುಗಿಸಿ ನೋಡಿದ ಮೇಲೆ ವಿಷಯ ತಿಳಿಯಿತು. ಎಚ್ಚರಿಕೆಯ ಸಾಲು ಹಿಂಬದಿಯಲ್ಲಿ ಇತ್ತು, ಇಂಗ್ಲಿಷಿನಲ್ಲಿ. ದೊಡ್ಡಮ್ಮ ಕನ್ನಡದಲ್ಲಿ ದಿನಾ ಪೇಪರು ಓದುವವರು, ಓದು ಬಾರದವರಲ್ಲ. ಎಪ್ಪತ್ತು ದಾಟಿದ, ಮಧುಮೇಹದ ಮಾತ್ರೆ ನುಂಗುವವರಿಗೆ ನಾಲ್ಕು ದಿನದ ಭೇದಿ ಸಣ್ಣ ವಿಷಯವಲ್ಲ. ದೇಹದ ನೀರು ಹೋಗುತ್ತದೆ, ಊಟ ತಪ್ಪುತ್ತದೆ, ಮಾತ್ರೆ ಮಾತ್ರ ಹಾಗೇ ನಡೆದಿರುತ್ತದೆ. ರಕ್ತದ ಸಕ್ಕರೆ ಕುಸಿಯುವುದಕ್ಕೆ ಇಷ್ಟು ಸಾಕು.

ಕಣ್ಣಿನೊಳಗಿನ ಸೋರ್ಬಿಟಾಲ್

ಈ ಕಥೆಗೆ ಇನ್ನೊಂದು ಮುಖವಿದೆ. ಅದು ತಿಳಿಯದೆ ವಾಟ್ಸ್ಆ್ಯಪ್ಪಿನಲ್ಲಿ ತಪ್ಪು ಸುದ್ದಿ ಹರಿದಾಡುತ್ತದೆ. ‘ಸೋರ್ಬಿಟಾಲ್ ತಿಂದರೆ ಕಣ್ಣಿಗೆ ಪೊರೆ ಬರುತ್ತದೆ’ ಎಂಬುದು ಅಂಥ ಒಂದು ಮಾತು. ಅದರಲ್ಲಿ ಅರ್ಧ ನಿಜವಿದೆ, ಉಳಿದರ್ಧ ತಲೆಕೆಳಗಾಗಿದೆ.

ಕಾರ್ಖಾನೆಯಲ್ಲಿ ಲೋಹ ಮತ್ತು ಒತ್ತಡದಿಂದ ಮಾಡುವ ಕೆಲಸವನ್ನು ನಮ್ಮ ದೇಹ ಸದ್ದಿಲ್ಲದೆ ಮಾಡುತ್ತದೆ. ಆಲ್ಡೋಸ್ ರಿಡಕ್ಟೇಸ್ ಎಂಬ ಕಿಣ್ವ ಗ್ಲೂಕೋಸನ್ನು ಸೋರ್ಬಿಟಾಲ್ ಮಾಡುತ್ತದೆ. ಇನ್ನೊಂದು ಕಿಣ್ವ ಆ ಸೋರ್ಬಿಟಾಲನ್ನು ಫ್ರಕ್ಟೋಸ್ ಮಾಡುತ್ತದೆ. 1956ರಲ್ಲಿ ಬೆಲ್ಜಿಯಮ್ಮಿನ ಹೆರ್ಸ್ ಎಂಬ ವಿಜ್ಞಾನಿ ಈ ದಾರಿಯನ್ನು ಕಂಡದ್ದು ವೀರ್ಯ ತಯಾರಾಗುವ ಗ್ರಂಥಿಗಳಲ್ಲಿ. ವೀರ್ಯಾಣುಗಳು ಓಡಾಡಲು ಬಳಸುವ ಫ್ರಕ್ಟೋಸ್ ಹೀಗೆ ತಯಾರಾಗುತ್ತದೆ. ಮೂತ್ರಪಿಂಡದ ಒಳಭಾಗದ ಜೀವಕೋಶಗಳು ಸುತ್ತಲಿನ ಉಪ್ಪಿನ ಸೆಳೆತಕ್ಕೆ ಸುಕ್ಕಾಗದಿರಲು ತಮ್ಮೊಳಗೆ ಸೋರ್ಬಿಟಾಲ್ ತುಂಬಿಕೊಂಡಿರುತ್ತವೆ. ಅಂದರೆ ಇದು ದೇಹದ ಹಳೆಯ ಪರಿಚಯದ ವಸ್ತು, ಹೊರಗಿನದಲ್ಲ.

ಕಣ್ಣಿನ ಮಸೂರ, ನರಗಳು, ಅಕ್ಷಿಪಟಲ ಇವುಗಳ ಜೀವಕೋಶಗಳಿಗೆ ಗ್ಲೂಕೋಸ್ ಒಳಹೋಗಲು ಇನ್ಸುಲಿನ್ನಿನ ಅಪ್ಪಣೆ ಬೇಕಿಲ್ಲ. ರಕ್ತದಲ್ಲಿ ಗ್ಲೂಕೋಸ್ ಏರಿದರೆ ಇವುಗಳ ಒಳಗೂ ಏರುತ್ತದೆ. ಮಾಮೂಲು ದಿನಗಳಲ್ಲಿ ಸೋರ್ಬಿಟಾಲಿನ ದಾರಿ ಹಿಡಿಯುವುದು ಸ್ವಲ್ಪವೇ. ಗ್ಲೂಕೋಸ್ ಹೆಚ್ಚಾದಾಗ ಆ ಪಾಲು ಹೆಚ್ಚುತ್ತದೆ. ಹಾಗೆ ಒಳಗೇ ಹುಟ್ಟಿದ ಸೋರ್ಬಿಟಾಲ್ ಜೀವಕೋಶದ ಗೋಡೆ ದಾಟಿ ಸುಲಭವಾಗಿ ಹೊರಬರಲಾರದು. ಅಲ್ಲೇ ಶೇಖರವಾಗಿ ನೀರೆಳೆದುಕೊಳ್ಳುತ್ತದೆ. ಜೊತೆಗೆ, ಅದನ್ನು ಮಾಡುವಾಗ ಜೀವಕೋಶ ತನ್ನನ್ನು ಕಾಪಾಡಿಕೊಳ್ಳಲು ಇಟ್ಟುಕೊಂಡ ಸಾಮಗ್ರಿಯೂ ಖರ್ಚಾಗುತ್ತದೆ. 1959ರಲ್ಲಿ ಆಕ್ಸ್‌ಫರ್ಡಿನ ರೂತ್ ವಾನ್ ಹೈನಿಂಗನ್ ಮಧುಮೇಹ ಬರಿಸಿದ ಇಲಿಗಳ ಕಣ್ಣಿನ ಮಸೂರದಲ್ಲಿ ಸೋರ್ಬಿಟಾಲ್ ಪತ್ತೆ ಮಾಡಿದರು. ಮನುಷ್ಯರಲ್ಲಿ ನೀರಿನ ಸೆಳೆತದ ಪಾಲೆಷ್ಟು, ಎರಡನೆಯ ಕಾರಣದ ಪಾಲೆಷ್ಟು ಎಂಬ ಚರ್ಚೆ ನಡೆದೇ ಇದೆ. ಆಲ್ಡೋಸ್ ರಿಡಕ್ಟೇಸನ್ನು ತಡೆಯುವ ಔಷಧಗಳು ಪ್ರಯೋಗಾಲಯದಲ್ಲಿ ತೋರಿದ ಭರವಸೆಯನ್ನು ರೋಗಿಗಳಲ್ಲಿ ಹೆಚ್ಚಾಗಿ ಉಳಿಸಿಕೊಳ್ಳಲಿಲ್ಲ. ಅವುಗಳಲ್ಲಿ ಒಂದಾದ ಎಪಾಲ್ರೆಸ್ಟಾಟ್ ಜಪಾನಿನಲ್ಲಿ, ನಮ್ಮಲ್ಲಿ ಮಧುಮೇಹದ ನರದ ತೊಂದರೆಗೆ ಬಳಕೆಯಲ್ಲಿದೆ.

ಇದರಿಂದ ಮನೆಮಂದಿ ತಿಳಿಯಬೇಕಾದದ್ದು ಒಂದೇ. ಕಣ್ಣಿನಲ್ಲಿ ಶೇಖರವಾಗುವ ಸೋರ್ಬಿಟಾಲ್ ಬಾಯಿಯಿಂದ ಹೋದದ್ದಲ್ಲ. ಅದು ಹತೋಟಿ ತಪ್ಪಿದ ಗ್ಲೂಕೋಸಿನಿಂದ ಅಲ್ಲೇ ಹುಟ್ಟಿದ್ದು. ಗ್ಲೂಕೋಸ್ ಎಲ್ಲಿಂದ ಬಂತು ಎಂಬುದು ಅದಕ್ಕೆ ಲೆಕ್ಕವಿಲ್ಲ. ಸಕ್ಕರೆಯಿಂದ ಬಂದರೂ ಸರಿ, ಶುಗರ್ ಫ್ರೀ ಬಿಸ್ಕತ್ತಿನ ಮೈದಾದಿಂದ ಬಂದರೂ ಸರಿ.

ಕಾನೂನಿನ ಸಕ್ಕರೆ, ಮನೆಯ ಸಕ್ಕರೆ

ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ‘ಶುಗರ್ಸ್’ ಅಂದರೆ ಒಂಟಿ ಮತ್ತು ಜೋಡಿ ಸಕ್ಕರೆಗಳು ಮಾತ್ರ: ಗ್ಲೂಕೋಸ್, ಫ್ರಕ್ಟೋಸ್, ಸುಕ್ರೋಸ್, ಹಾಲಿನ ಲ್ಯಾಕ್ಟೋಸ್ ಮುಂತಾದವು. 100 ಗ್ರಾಂ ತಿಂಡಿಯಲ್ಲಿ ಇವು 0.5 ಗ್ರಾಂ ಮೀರದಿದ್ದರೆ ‘ಶುಗರ್ ಫ್ರೀ’ ಎಂದು ಬರೆಯಬಹುದು. ಪಿಷ್ಟ ಈ ಲೆಕ್ಕಕ್ಕೆ ಬರುವುದಿಲ್ಲ. ಪಾಲಿಯಾಲೂ ಬರುವುದಿಲ್ಲ. 100 ಗ್ರಾಂ ಮೈದಾದಲ್ಲಿ ಸುಮಾರು 75 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅದು ಹೊಟ್ಟೆಯಲ್ಲಿ ಗ್ಲೂಕೋಸೇ ಆಗುತ್ತದೆ. ಮಾಲ್ಟೋಡೆಕ್ಸ್‌ಟ್ರಿನ್ ಎಂಬುದು ಕಡಿದ ಪಿಷ್ಟ. ಅದು ಬೇಗನೆ ಗ್ಲೂಕೋಸ್ ಆಗುತ್ತದೆ, ಆದರೂ ಹೆಸರಿನಲ್ಲಿ ಸಕ್ಕರೆಯಲ್ಲ. ಚಾಕೊಲೇಟಿನವರಿಗೆ ಪ್ರಿಯವಾದ ಮಾಲ್ಟಿಟಾಲ್ ಒಡೆದರೆ ಅರ್ಧ ಸೋರ್ಬಿಟಾಲ್, ಅರ್ಧ ಗ್ಲೂಕೋಸ್. ಅದು ರಕ್ತದ ಸಕ್ಕರೆಯನ್ನು ಸೋರ್ಬಿಟಾಲಿಗಿಂತ ಹೆಚ್ಚು ಏರಿಸುತ್ತದೆ. ಇಷ್ಟೆಲ್ಲ ಇದ್ದರೂ ಡಬ್ಬಿಯ ಮೇಲೆ ‘ಶುಗರ್ ಫ್ರೀ’ ಎಂದು ಕಾನೂನುಬದ್ಧವಾಗಿ ಬರೆಯಬಹುದು. ಅದು ಸುಳ್ಳಲ್ಲ. ಆದರೆ ಕೇಳಿದವರು ಕೇಳಿದ್ದೂ ಅದಲ್ಲ.

ಸಕ್ಕರೆ ಎಂಬ ಪದವೇ ಊರೂರು ಸುತ್ತಿದ ಪದ. ಸಂಸ್ಕೃತದ ‘ಶರ್ಕರಾ’ಕ್ಕೆ ಮೊದಲು ಮರಳು, ಸಣ್ಣ ಹರಳು ಎಂಬ ಅರ್ಥವಿತ್ತು. ಪ್ರಾಕೃತದ ದಾರಿಯಲ್ಲಿ ಅದು ನಮ್ಮ ಸಕ್ಕರೆಯಾಯಿತು. ಪರ್ಷಿಯನ್, ಅರಬ್ಬಿ ಭಾಷೆಗಳ ಮೂಲಕ ಯುರೋಪಿಗೆ ಹೋಗಿ ಶುಗರ್ ಆಯಿತು. ಮುಂಬಯಿಯ ಸಾಖರ, ಚೆನ್ನೈನ ಸರ್ಕರೈ, ಹೈದರಾಬಾದಿನ ಚಕ್ಕೆರ, ದೆಹಲಿಯ ಶಕ್ಕರ್ ಎಲ್ಲ ಒಂದೇ ಬೇರಿನವು. ಕೊನೆಗೆ ಈ ಎಲ್ಲ ಊರುಗಳಲ್ಲೂ ‘ಶುಗರ್’ ಕಾಯಿಲೆಯ ಹೆಸರಾಗಿ ವಾಪಸು ಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೆರವಿನ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು ಸುಮಾರು 10.1 ಕೋಟಿ ಎಂದು ಅಂದಾಜು ಮಾಡಿತು. ಇಷ್ಟು ಜನರ ಕಾಯಿಲೆಯ ಹೆಸರನ್ನೇ ಹಿಡಿದು ಅದಕ್ಕೆ ‘ಫ್ರೀ’ ಸೇರಿಸಿದರೆ ಅದು ಬರೀ ಪದಾರ್ಥದ ವಿವರವಾಗಿ ಉಳಿಯುವುದಿಲ್ಲ, ಅಭಯವಾಗುತ್ತದೆ. ಮಾರಾಟವಾಗುತ್ತಿರುವುದು ಆ ಅಭಯ.

ಎಚ್ಚರಿಕೆ ಯಾರಿಗೆ?

ಪಾಲಿಯಾಲ್ ಇರುವ ತಿಂಡಿಯ ಮೇಲೆ ಒಂದು ಸಾಲಿನ ಎಚ್ಚರಿಕೆ ಹಾಕಬೇಕೆಂದು ನಮ್ಮ ನಿಯಮಗಳಲ್ಲಿ ಇದೆ: ‘ಪಾಲಿಯಾಲ್ಸ್ ಮೇ ಹ್ಯಾವ್ ಲ್ಯಾಕ್ಸೇಟಿವ್ ಎಫೆಕ್ಟ್ಸ್.’ ಬೇಕೆಂದೇ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಲಿಪಿ ಬದಲಾದರೂ ಅರ್ಥ ಹತ್ತಿರ ಬರಲಿಲ್ಲ, ನೋಡಿ. ಲೇಬಲ್ಲಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಸಾಕು. ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲ, ಆದರೆ ಸೇರಿಸಲೇಬೇಕೆಂದಿಲ್ಲ. ಕಡ್ಡಾಯವಿಲ್ಲದ ಕಡೆ ಯಾರು ಜಾಗ ಕೊಡುತ್ತಾರೆ?

ಕರ್ನಾಟಕದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ರಾಜ್ಯ ಸರ್ಕಾರ 2025ರಲ್ಲಿ ಆದೇಶ ಮಾಡಿದೆ. ಒಳ್ಳೆಯದು. ಆದರೆ ಥಾಣೆಯಲ್ಲೋ ಅಂಬತ್ತೂರಿನಲ್ಲೋ ಕೊಂಡ ಡಬ್ಬಿಗೆ ಅದು ಅನ್ವಯಿಸಬೇಕೆಂದಿಲ್ಲ. ಹಾಗೆಯೇ ಕನ್ನಡದಲ್ಲಿ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಲ್ಯಾಕ್ಸೇಟಿವ್ ಎಫೆಕ್ಟ್ ಎಂಬುದಕ್ಕೆ ನಿಘಂಟು ನೋಡಿ ‘ವಿರೇಚಕ ಪರಿಣಾಮ’ ಎಂದು ಬರೆಯಬಹುದು. ವ್ಯಾಕರಣಕ್ಕೂ ಸರಿ, ವಕೀಲರಿಗೂ ಸರಿ. ದೊಡ್ಡಮ್ಮನಿಗೆ ಮಾತ್ರ ಅದು ಇಂಗ್ಲಿಷಿನಷ್ಟೇ ದೂರ. ‘ಹೆಚ್ಚು ತಿಂದರೆ ಭೇದಿಯಾಗಬಹುದು’ ಅಂದರೆ ನಾಲ್ಕನೇ ಕ್ಲಾಸಿನ ಹುಡುಗನೂ ಅಜ್ಜಿಗೆ ಓದಿ ಹೇಳಬಲ್ಲ. ಇಂಥ ವಾಕ್ಯ ಬರೆದುಕೊಟ್ಟರೆ ‘ಸ್ವಲ್ಪ ಗಂಭೀರವಾಗಿರಲಿ’ ಎಂದು ತಿದ್ದುಪಡಿ ಕೇಳುವವರು ನಮ್ಮ ಕೆಲಸದಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಎಚ್ಚರಿಕೆಗೆ ಗಾಂಭೀರ್ಯ ಬೇಡ, ಅದು ತಿಳಿಯಬೇಕು ಅಷ್ಟೆ.

ಭಾಷೆಯೇ ಬೇಡವಾದ ದಾರಿಯೂ ನಮ್ಮ ದೇಶಕ್ಕೆ ಗೊತ್ತಿದೆ. ಸಸ್ಯಾಹಾರದ ಹಸಿರು ಚುಕ್ಕೆ ನೋಡಿ. ಓದು ಬಾರದವರೂ, ಪರವೂರಿಗೆ ಬಂದವರೂ ಅಂಗಡಿಯಲ್ಲಿ ನಿಂತು ಅದನ್ನು ಹುಡುಕುತ್ತಾರೆ. ನಂಬಿಕೆಯ ವಿಷಯಕ್ಕೆ ಒಂದು ಚುಕ್ಕೆ ಇಡಲು ಸಾಧ್ಯವಾದರೆ ಹೊಟ್ಟೆಯ ವಿಷಯಕ್ಕೆ ಯಾಕಿಲ್ಲ? ಪಾಲಿಯಾಲ್ ಹೆಚ್ಚಿರುವ ತಿಂಡಿಗೆ ಡಬ್ಬಿಯ ಮುಂಭಾಗದಲ್ಲೇ, ‘ಶುಗರ್ ಫ್ರೀ’ ಎಂಬ ಅಕ್ಷರಗಳ ಪಕ್ಕದಲ್ಲೇ ಒಂದು ಗುರುತು ಇರಲಿ. ಎಷ್ಟು ತುಂಡಿಗೆ ಎಷ್ಟು ಗ್ರಾಂ ಎಂದು ಅಂಕಿಯಲ್ಲಿ ಇರಲಿ. ಅಂಕಿಗಳನ್ನು ಎಲ್ಲ ಭಾಷೆಯವರೂ ಓದುತ್ತಾರೆ.

ಎರಡು ಆಕ್ಷೇಪಗಳು

ಮೊದಲನೆಯದು: ‘ಕಾಯಿಲೆ ಇರುವವರು ಸಿಹಿಯನ್ನೇ ತಿನ್ನಬಾರದೇ? ಹಬ್ಬದ ದಿನ ಎಲ್ಲರ ಜೊತೆ ಕೂತು ಒಂದು ತುಂಡು ತಿನ್ನುವ ಸಂತೋಷವನ್ನೂ ಕಿತ್ತುಕೊಳ್ಳಬೇಕೇ?’ ಇದು ನ್ಯಾಯವಾದ ಪ್ರಶ್ನೆ. ವರ್ಷಾನುಗಟ್ಟಲೆ ಪಥ್ಯ ಮಾಡಿದವರ ಎದುರು ತಟ್ಟೆ ಹಿಡಿದು ತಿನ್ನುವುದು ಸುಲಭವಲ್ಲ. ನನ್ನ ಉತ್ತರ ಇಷ್ಟೆ: ಸಂತೋಷ ಬೇಕು, ಲೆಕ್ಕವೂ ಬೇಕು. ನಿಜವಾದ ಹೋಳಿಗೆಯ ಅರ್ಧವನ್ನು, ಇಂತಿಷ್ಟು ಎಂದು ಗೊತ್ತಿದ್ದು, ವೈದ್ಯರ ಸಲಹೆಯೊಳಗೆ ತಿನ್ನುವವರು ಅನ್ನ ಒಂದು ಹಿಡಿ ಕಡಿಮೆ ಮಾಡಿಕೊಳ್ಳುತ್ತಾರೆ. ಶುಗರ್ ಫ್ರೀ ತಿನ್ನುವವರು ಲೆಕ್ಕವನ್ನೇ ಬಿಟ್ಟುಬಿಡುತ್ತಾರೆ. ಹೆಸರೇ ಲೆಕ್ಕ ಬೇಡ ಅಂದಿದೆಯಲ್ಲ. ಪಾಲಿಯಾಲ್ ಹಾಕಿದ ಒಂದು ತುಂಡನ್ನು ಅದು ಏನೆಂದು ತಿಳಿದು ತಿಂದರೆ ಯಾರಿಗೂ ತಕರಾರಿಲ್ಲ.

ಎರಡನೆಯದು: ‘ವಿಶ್ವ ಆರೋಗ್ಯ ಸಂಸ್ಥೆಯೇ ಬದಲಿ ಸಿಹಿ ಬೇಡ ಅಂದಿದೆಯಲ್ಲ, ಎಲ್ಲವನ್ನೂ ಬಿಟ್ಟುಬಿಡೋಣ.’ 2023ರ ಮೇ ತಿಂಗಳಲ್ಲಿ ಆ ಸಂಸ್ಥೆ ಹೇಳಿದ್ದು ತೂಕ ಇಳಿಸಲೆಂದು ಸಕ್ಕರೆಯೇತರ ಸಿಹಿಗಳನ್ನು ಬಳಸಬೇಡಿ ಎಂದು. ಅದರಲ್ಲೇ ಎರಡು ವಿನಾಯಿತಿಗಳಿದ್ದವು. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ. ಪಾಲಿಯಾಲ್‌ಗಳು ಆ ಪಟ್ಟಿಯಲ್ಲೇ ಇಲ್ಲ. ನಮ್ಮ ಗುಂಪುಗಳಲ್ಲಿ ಹರಿದಾಡುವ ಸಂದೇಶಗಳಲ್ಲಿ ಈ ಎರಡು ವಾಕ್ಯ ಬಿಟ್ಟುಹೋಗುತ್ತವೆ. ಎಲ್ಲ ಬದಲಿ ಸಿಹಿಯೂ ಒಂದೇ ಎಂದುಕೊಳ್ಳುವುದು ಎಲ್ಲ ಸಕ್ಕರೆಯೂ ಒಂದೇ ಎಂದುಕೊಂಡಂತೆ. ಪಾಲಿಯಾಲ್‌ಗಳಲ್ಲೇ ಭೇದಗಳಿವೆ. ಎರಿತ್ರಿಟಾಲ್ ಹೆಚ್ಚಿನಂಶ ಹೀರಿಕೆಯಾಗಿ ಮೂತ್ರದಲ್ಲಿ ಹೊರಹೋಗುತ್ತದೆ, ಹೊಟ್ಟೆಯನ್ನು ಸೋರ್ಬಿಟಾಲಿನಷ್ಟು ಕೆಡಿಸುವುದಿಲ್ಲ. ಫ್ರಕ್ಟೋಸನ್ನು ಅರಗಿಸಲಾರದ ಒಂದು ಅಪರೂಪದ ಹುಟ್ಟು ತೊಂದರೆ ಇರುವವರಿಗೆ ಸೋರ್ಬಿಟಾಲ್ ನಿಜಕ್ಕೂ ಅಪಾಯ. ಇಂಥ ವ್ಯತ್ಯಾಸ ಹೇಳಲು ವಸ್ತುವಿನ ಹೆಸರು ಬೇಕು. ‘ಫ್ರೀ’ ಎಂಬ ಪದದಿಂದ ಅದು ಆಗುವುದಿಲ್ಲ.

ಹೆಸರಿಟ್ಟು ಕರೆಯೋಣ

ನಿಯಮ ಬದಲಾಗಲು ಕಾಲ ಬೇಕು. ಅಷ್ಟರೊಳಗೆ ಮನೆಯಲ್ಲಿ ಮಾಡಬಹುದಾದದ್ದು ಕೆಲವು. ಡಬ್ಬಿಯ ಮುಂಭಾಗ ಬಿಟ್ಟು ಹಿಂಭಾಗ ಓದಿ. ‘ಶುಗರ್’ ಎಂಬ ಸಾಲಿಗಿಂತ ಮೊದಲು ‘ಕಾರ್ಬೋಹೈಡ್ರೇಟ್’ ಎಂಬ ಸಾಲು ನೋಡಿ. ಪದಾರ್ಥಗಳ ಪಟ್ಟಿಯಲ್ಲಿ ‘ಟಾಲ್’ ಎಂದು ಮುಗಿಯುವ ಹೆಸರು ಹುಡುಕಿ. ಹೆಸರಿನ ಬದಲು ಅಂಕಿ ಇದ್ದರೆ 420 ಸೋರ್ಬಿಟಾಲ್, 421 ಮ್ಯಾನಿಟಾಲ್, 953 ಐಸೋಮಾಲ್ಟ್, 965 ಮಾಲ್ಟಿಟಾಲ್, 967 ಜೈಲಿಟಾಲ್. ಬಿಡಿಯಾಗಿ ತೂಗಿ ಕೊಡುವ ಅಂಗಡಿಯಲ್ಲಿ ‘ಸಕ್ಕರೆ ಬದಲು ಏನು ಹಾಕಿದ್ದೀರಿ?’ ಎಂದು ಕೇಳಿ. ಉತ್ತರ ಸಿಗದಿದ್ದರೆ ಅದೂ ಒಂದು ಉತ್ತರವೇ. ಮನೆಯ ಹಿರಿಯರಿಗೆ ಕಾರಣ ಗೊತ್ತಿಲ್ಲದೆ ಹೊಟ್ಟೆ ಕೆಟ್ಟರೆ ಡಾಕ್ಟರಿಗೆ ಸಿಹಿಯ ಡಬ್ಬಿಯನ್ನೂ, ಕುಡಿಯುತ್ತಿರುವ ಸಿರಪ್ಪಿನ ಸೀಸೆಯನ್ನೂ ತೋರಿಸಿ. ಸಿರಪ್ಪಿನಲ್ಲೂ ಸೋರ್ಬಿಟಾಲ್ ಇರಬಹುದು.

ಕನ್ನಡದಲ್ಲಿ ಮಾತಾಡುವಾಗ ‘ಶುಗರ್ ಫ್ರೀ’ ಎನ್ನುವುದನ್ನು ಬಿಟ್ಟು ‘ಬದಲಿ ಸಿಹಿ’ ಎನ್ನೋಣ ಎಂಬುದು ನನ್ನ ಸಲಹೆ. ಇದು ಇಂಗ್ಲಿಷಿನ ಮೇಲಿನ ಕೋಪವಲ್ಲ. ‘ಶುಗರ್ ಫ್ರೀ ತಂದಿದೀನಿ ಅಮ್ಮ’ ಅಂದರೆ ಅಮ್ಮ ಡಬ್ಬಿ ತೆಗೆದುಕೊಂಡು ಸುಮ್ಮನಾಗುತ್ತಾರೆ. ‘ಬದಲಿ ಸಿಹಿ ತಂದಿದೀನಿ’ ಅಂದರೆ ‘ಬದಲಿಗೆ ಏನು ಹಾಕಿದಾರೆ?’ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಹುಡುಕಲು ನೀವು ಡಬ್ಬಿ ತಿರುಗಿಸಲೇಬೇಕಾಗುತ್ತದೆ.